ಸತ್ತ ಮೇಲಿನ ಫತ್ವಾ ಯಾರಿಗೆ ಬೇಕು?

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡಾಗ ಎರಡು ಹೇಳಿಕೆಗಳು ಸಿದ್ಧವಾಗಿರುತ್ತವೆ. ಆಡಳಿತದವರದು, ‘ವೈಯಕ್ತಿಕ ಕಾರಣ.’ ಹುಡುಗ ಮುಸ್ಲಿಮನಾಗಿದ್ದರೆ ನಮ್ಮ ಮೊಹಲ್ಲಾದ್ದು, ‘ಈಮಾನ್ ಕಮ್ಮಿಯಾಗಿತ್ತು.’ ಎರಡರ ಉದ್ದೇಶವೂ ಒಂದೇ: ಬದುಕಿರುವವರು ಹೊಣೆಯಿಂದ ಪಾರಾಗುವುದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ದಿನಕ್ಕೆ ಮೂವತ್ತೈದಕ್ಕೂ ಹೆಚ್ಚು. ಇವೆಲ್ಲವೂ ‘ವೈಯಕ್ತಿಕ’ವೇ? 2016ರಲ್ಲಿ ತೀರಿಹೋದ ಹೈದರಾಬಾದಿನ ರೋಹಿತ್ ವೇಮುಲಾಗೆ ತಿಂಗಳುಗಟ್ಟಲೆ ಫೆಲೋಶಿಪ್ ಹಣ ಸಿಕ್ಕಿರಲಿಲ್ಲ. 2019ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ ವೈದ್ಯೆ ಪಾಯಲ್ ತಡ್ವಿ ಬುಡಕಟ್ಟಿನ ಮುಸ್ಲಿಂ ಹೆಣ್ಣುಮಗಳು. ಹಿರಿಯ ಸಹಪಾಠಿಗಳು ಜಾತಿ ಹಿಡಿದು ಹೀಯಾಳಿಸುತ್ತಿದ್ದರೆಂದು ಮನೆಯವರು ದೂರಿದರು. ಕ್ಯಾಂಪಸ್ಸಿನ ಜಾತಿ ತಾರತಮ್ಯ ತಡೆಯಿರಿ ಎಂದು ಈ ಇಬ್ಬರ ತಾಯಂದಿರು ಒಟ್ಟಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅವಮಾನಕ್ಕೆ ಆಪ್ತಸಮಾಲೋಚನೆಯೊಂದೇ ಮದ್ದಲ್ಲ, ನಿಜ. ಆದರೆ ಅದಾದರೂ ಎಲ್ಲಿದೆ? ನೂರು ವಿದ್ಯಾರ್ಥಿಗಳಿರುವಲ್ಲಿ ಒಬ್ಬ ಅರ್ಹ ಸಮಾಲೋಚಕರಾದರೂ ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಇನ್ನು ನಮ್ಮ ಮನೆಯ ಮಾತು. ಆತ್ಮಹತ್ಯೆ ಹರಾಮ್, ಇದರಲ್ಲಿ ತಕರಾರಿಲ್ಲ. ಆದರೆ ‘ಸಾಯಬೇಕೆನಿಸುತ್ತಿದೆ ಅಮ್ಮಿ’ ಎನ್ನುವ ಮಗಳಿಗೆ ಅದೊಂದೇ ಉತ್ತರವಾದರೆ ಆಕೆ ಮತ್ತೆ ಬಾಯಿಬಿಡುವುದಿಲ್ಲ. ಒಂಟಿಯಾಗಿ ಹೆರಿಗೆ ನೋವು ತಿನ್ನುತ್ತಿದ್ದ ಬೀಬಿ ಮರ್ಯಮ್, ಇದಕ್ಕೆ ಮೊದಲೇ ಸತ್ತಿದ್ದರಾಗಿತ್ತು ಎಂದು ಹಂಬಲಿಸಿದ್ದನ್ನು ಕುರ್‌ಆನ್ ಮುಚ್ಚಿಡುವುದಿಲ್ಲ. ಅವರನ್ನು ಯಾರೂ ಗದರಲಿಲ್ಲ. ದುಃಖಿಸಬೇಡವೆಂಬ ಸಾಂತ್ವನ ಬಂತು, ಕಾಲಬಳಿ ನೀರು ಹರಿಯಿತು, ಖರ್ಜೂರ ಉದುರಿತು. ಮಗನ ಅಗಲಿಕೆಗೆ ಅತ್ತತ್ತು ಯಾಕೂಬ್ ಪ್ರವಾದಿಗಳ ಕಣ್ಣೇ ಬೆಳ್ಳಗಾಯಿತು. ಅವರ ಈಮಾನನ್ನು ಅಳೆಯಲು ಹೊರಡುವಿರಾ?

ದೇಹಕ್ಕಿರುವಂತೆ ಮನಸ್ಸಿಗೂ ಕಾಯಿಲೆಯುಂಟು, ಚಿಕಿತ್ಸೆಯುಂಟು ಎಂದು ಸಾವಿರ ವರ್ಷಗಳ ಹಿಂದೆಯೇ ಅಬೂ ಜೈದ್ ಅಲ್-ಬಲ್ಖಿ ಗ್ರಂಥ ಬರೆದರು. ನಾವಿನ್ನೂ ತಾವೀಜಿನ ದಾರಕ್ಕೆ ಗಂಟು ಹಾಕುತ್ತಿದ್ದೇವೆ. ಮಗಳನ್ನು ಮನೋವೈದ್ಯರ ಬಳಿ ಕರೆದೊಯ್ದರೆ ರಿಶ್ತಾ ಬರುವುದಿಲ್ಲವಂತೆ! ಮಗಳೇ ಇಲ್ಲವಾದರೆ ರಿಶ್ತಾ ಯಾರಿಗೆ?

ಜುಮಾ ಬಯಾನಿನಲ್ಲಿ ಹರಾಮ್ ಎನ್ನುವ ಮೌಲಾನಾರು ಅದರ ಜೊತೆಗೇ ಟೆಲಿ-ಮಾನಸ್ ಸಹಾಯವಾಣಿ 14416ನ್ನೂ ಹೇಳಲಿ. ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲೇ ಅಲ್ಲಿ ಮಾತಾಡಬಹುದು. ಕುಲಪತಿಗಳು ‘ವೈಯಕ್ತಿಕ ಕಾರಣ’ ಎಂದು ಬರೆಯುವ ಮುನ್ನ ತಡೆಹಿಡಿದ ಫೆಲೋಶಿಪ್ ಕಡತಗಳನ್ನು ತೆರೆಯಲಿ. ನಾವು ಮಕ್ಕಳ ಮಾರ್ಕ್ಸ್ ಕಾರ್ಡ್ ಕೇಳುವ ಮೊದಲು ಅವರ ಮುಖ ನೋಡೋಣ. ಸತ್ತವರಿಗೆ ಫತ್ವಾ ಕೇಳಿಸುವುದಿಲ್ಲ.