ಗುಂಡಿ ತಿರುಗಿಸುವ ಮುನ್ನ

ಡಿಸೆಂಬರ್ ತಿಂಗಳ ಸಂಜೆ. ಬ್ರಿಟನ್ನಿನ ಬಾಡಿಗೆ ಮನೆಗೆ ನಡುಗುತ್ತ ಮರಳಿದ ವಿದ್ಯಾರ್ಥಿ ಮೊದಲು ಮಾಡುವ ಕೆಲಸವೆಂದರೆ ರೇಡಿಯೇಟರಿನ ಗುಂಡಿಯನ್ನು 5ಕ್ಕೆ ತಿರುಗಿಸುವುದು. ಕೋಣೆ ಬೇಗ ಬೆಚ್ಚಗಾಗಲೆಂಬ ಆಸೆ. ಆದರೆ ಬೇಗ ಬೆಚ್ಚಗಾಗುವುದಿಲ್ಲ. ಗ್ಯಾಸ್ ಬಿಲ್ಲು ಮಾತ್ರ ಏರುತ್ತದೆ. ಏಕೆ ಹೀಗೆ?

ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಒಂದೇ ಬಾಯ್ಲರ್ ನೀರನ್ನು ಕಾಯಿಸುತ್ತದೆ. ಪಂಪು ಅದನ್ನು ಕೊಳವೆಗಳ ಮೂಲಕ ಕೋಣೆ ಕೋಣೆಯ ರೇಡಿಯೇಟರಿಗೂ ತಳ್ಳುತ್ತದೆ. ಶಾಖ ಕೊಟ್ಟು ತಣಿದ ನೀರು ಮತ್ತೆ ಬಾಯ್ಲರಿಗೆ ಮರಳುತ್ತದೆ. ಹೆಸರು ರೇಡಿಯೇಟರ್ ಎಂದಿದ್ದರೂ ಇದು ಕೋಣೆಯನ್ನು ಕಾಯಿಸುವುದು ವಿಕಿರಣಕ್ಕಿಂತ ಹೆಚ್ಚಾಗಿ ಸಂವಹನದಿಂದ. ಬಿಸಿ ಗಾಳಿ ಮೇಲೇಳುತ್ತದೆ, ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗುತ್ತದೆ. ಮುಂದೆ ಸೋಫಾ ಒತ್ತಿ ಇಟ್ಟರೆ ಈ ಹರಿವಿಗೇ ಅಡ್ಡಿ.

ಕೊಳ್ಳುವಾಗ ನೋಡಬೇಕಾದದ್ದು ಅಂದವನ್ನಲ್ಲ, ವಾಟ್ ಲೆಕ್ಕವನ್ನು. ಕೋಣೆಯ ಅಳತೆ, ಹೊರಗೋಡೆ, ಕಿಟಕಿಗಳನ್ನು ಗಮನಿಸಿ ಎಷ್ಟು ಶಾಖ ಸೋರಿಹೋಗುತ್ತದೆಂದು ಮೊದಲು ಅಂದಾಜು ಮಾಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಯುರೋಪಿನಲ್ಲಿ ರೇಡಿಯೇಟರಿನ ವಾಟ್ ಸಂಖ್ಯೆಯನ್ನು ಸಾಮಾನ್ಯವಾಗಿ ನೀರಿನ ಸರಾಸರಿ ಉಷ್ಣತೆ ಕೋಣೆಗಿಂತ 50 ಡಿಗ್ರಿ ಹೆಚ್ಚಿದೆ ಎಂದುಕೊಂಡು ನಮೂದಿಸುತ್ತಾರೆ. ಈ ವ್ಯತ್ಯಾಸ 30 ಡಿಗ್ರಿಗೆ ಇಳಿದರೆ 1,000 ವಾಟ್‌ನ ರೇಡಿಯೇಟರ್ ಕೊಡುವುದು ಸುಮಾರು 500 ವಾಟ್ ಮಾತ್ರ. ಕಡಿಮೆ ಬಿಸಿಯ ನೀರಿನಲ್ಲಿ ದಕ್ಷವಾಗಿ ನಡೆಯುವ ಹೀಟ್ ಪಂಪ್ ಹಾಕಿಸುವವರು ಹಲವೆಡೆ ದೊಡ್ಡ ರೇಡಿಯೇಟರ್ ಕೂರಿಸುವುದು ಇದೇ ಕಾರಣಕ್ಕೆ.

ಇನ್ನು ಕವಾಟದ ಮಾತು. ಡೆನ್ಮಾರ್ಕಿನ ಡ್ಯಾನ್‌ಫಾಸ್ ಸಂಸ್ಥೆಯ ಸ್ಥಾಪಕ ಮ್ಯಾಡ್ಸ್ ಕ್ಲೌಸನ್ 1943ರಲ್ಲಿ ರೂಪಿಸಿದ ಥರ್ಮೋಸ್ಟಾಟಿಕ್ ಕವಾಟದ ತತ್ತ್ವ ಸರಳ. ಗುಂಡಿಯೊಳಗಿನ ಮೇಣ ಅಥವಾ ದ್ರವ ಕೋಣೆಯ ಗಾಳಿ ಬಿಸಿಯಾದಂತೆ ಹಿಗ್ಗಿ ಕಡ್ಡಿಯೊಂದನ್ನು ಒತ್ತುತ್ತದೆ. ಆಗ ನೀರಿನ ದಾರಿ ಕಿರಿದಾಗುತ್ತದೆ. ಗುಂಡಿಯ ಅಂಕೆಗಳು ವೇಗವನ್ನಲ್ಲ, ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುತ್ತವೆ. ಸಾಮಾನ್ಯವಾಗಿ 3 ಎಂದರೆ ಸುಮಾರು 20 ಡಿಗ್ರಿ. ಚಳಿಗಟ್ಟಿದ ಕೋಣೆಯಲ್ಲಿ 3ಕ್ಕಿಟ್ಟರೂ 5ಕ್ಕಿಟ್ಟರೂ ಕವಾಟ ಹೆಚ್ಚುಕಡಿಮೆ ಪೂರ್ತಿ ತೆರೆದೇ ಇರುತ್ತದೆ.

ಈ ಗುಂಡಿಯ ಮೇಲೆ ಪರದೆ ಇಳಿಬಿದ್ದರೆ ಅದು ಪರದೆಯೊಳಗಿನ ಬಿಸಿಯನ್ನೇ ಕೋಣೆಯ ಬಿಸಿಯೆಂದು ನಂಬಿ ಬೇಗ ಮುಚ್ಚಿಕೊಳ್ಳುತ್ತದೆ. ಗೋಡೆಯ ಥರ್ಮೋಸ್ಟಾಟ್ ಇರುವ ಕೋಣೆಯಲ್ಲಿ ಇಂಥ ಕವಾಟ ಬೇಡ; ಎರಡೂ ಒಂದರ ಕೆಲಸಕ್ಕೆ ಮತ್ತೊಂದು ಅಡ್ಡ ಬರುತ್ತವೆ. ರೇಡಿಯೇಟರಿನ ಇನ್ನೊಂದು ತುದಿಯ ಲಾಕ್‌ಶೀಲ್ಡ್ ಕವಾಟ ಎಲ್ಲ ಕೋಣೆಗಳಿಗೂ ನೀರು ಸಮನಾಗಿ ಹಂಚಿಕೆಯಾಗಲು ಇರುವಂಥದ್ದು. ಅದನ್ನು ತಿಳಿದವರೇ ಹೊಂದಿಸಬೇಕು.

ಹಣ ಉಳಿಸಲೆಂದು ಎಲ್ಲವನ್ನೂ ಮುಚ್ಚಿಡುವುದೂ ಜಾಣತನವಲ್ಲ. ಅಡುಗೆಯ ಹಬೆ, ಒಗೆದ ಬಟ್ಟೆಯ ತೇವ ತಣ್ಣನೆಯ ಗೋಡೆಗೆ ತಾಕಿ ನೀರಾಗುತ್ತದೆ. ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ, ಉಬ್ಬಸದವರಿಗೆ ಅದು ಅಪಾಯ. ಮಗ ಅಥವಾ ಮಗಳನ್ನು ಅಲ್ಲಿಗೆ ಓದಲು ಕಳಿಸುವ ಪೋಷಕರು ಸ್ವೆಟರಿನ ಜೊತೆಗೆ ಈ ಮಾತನ್ನೂ ಕಟ್ಟಿಕೊಡುವುದು ಒಳ್ಳೆಯದು: ಗುಂಡಿ 3ರ ಆಸುಪಾಸಿನಲ್ಲಿರಲಿ, ಕಿಟಕಿ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ತೆರೆದಿರಲಿ.