ಕಳೆಯೇ ಬೆಳೆಯಾದರೆ

ಗಿಡ ಸುಟ್ಟರೆ ಹವಾಮಾನಕ್ಕೆ ಕೇಡಿಲ್ಲ, ಹೊಗೆಯಾಗಿ ಹೋದ ಇಂಗಾಲವನ್ನು ಮುಂದಿನ ಗಿಡ ಹೀರಿಕೊಳ್ಳುತ್ತದೆ ಎಂಬ ವಾದ ಕೇಳಲು ಸೊಗಸು. ಆದರೆ ಹೊಗೆಗೂಡಿನ ಬಾಯಲ್ಲಿ ಅಳೆದರೆ, ಅಷ್ಟೇ ಶಾಖಕ್ಕೆ ಕಟ್ಟಿಗೆ ಕಲ್ಲಿದ್ದಲಿಗಿಂತ ಕಡಿಮೆಯೇನೂ ಇಂಗಾಲಾಮ್ಲ ಉಗುಳುವುದಿಲ್ಲ. ಲಾಭ ನಷ್ಟ ತೀರ್ಮಾನವಾಗುವುದು ನೆಲದ ಮೇಲೆ: ಸುಡದೆ ಬಿಟ್ಟಿದ್ದರೆ ಆ ಗಿಡ ಏನಾಗುತ್ತಿತ್ತು? ಕಡಿದ ಜಾಗದಲ್ಲಿ ಇನ್ನು ಏನು ಬೆಳೆಯುತ್ತದೆ?

ರಾಜ್‌ಕುಮಾರ್ ಹುಟ್ಟೂರಾದ ದೊಡ್ಡಗಾಜನೂರು ಇರುವ ತಾಳವಾಡಿ ಸೀಮೆಯಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಸಿಗುತ್ತದೆ. ಮೊದಲನೆಯದು ಕಬ್ಬು. ಅರೆದು ಉಳಿದ ಹಿಪ್ಪೆಯಿಂದ ಕಾರ್ಖಾನೆ ಕರೆಂಟು ತೆಗೆದರೆ ಯಾರ ತಕರಾರೂ ಇಲ್ಲ. ಎಥೆನಾಲಿಗೆಂದೇ ಕಾಡಂಚಿನವರೆಗೆ ಕಬ್ಬು ಹಬ್ಬಿಸಿದರೆ ಮಾತು ಬೇರೆ. ನೀರಂತೂ ಬೇಕು, ಜೊತೆಗೆ ಆನೆ ಬರುತ್ತದೆ. ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಕಬ್ಬಿನ ಲಾರಿಗೆ ಕಾಯುವ ಆನೆಗಳು ಆ ರುಚಿ ಕಲಿತವೇ ಅಲ್ಲವೆ?

ಎರಡನೆಯದು ಲಂಟಾನ. ಬ್ರಿಟಿಷರು ಅಂದಕ್ಕೆಂದು ತಂದ ಈ ಪೊದೆ, 2013ರಲ್ಲಿ ಹುಲಿ ಮೀಸಲಾದ ಸತ್ಯಮಂಗಲದ ಕಾಡಲ್ಲೂ ಹುಲ್ಲನ್ನು ನುಂಗಿದೆ. ಹಿಂದೆ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆಯೇ ಇದು ಹೀಗೆ ಹಬ್ಬಿತು ಎನ್ನುತ್ತಾರೆ ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಬೇಸಿಗೆಯಲ್ಲಿ ಒಣಗಿ, ನೆಲದ ಕಿಚ್ಚನ್ನು ಮರದ ತುದಿಗೇರಿಸುವ ಗಿಡವಿದು. ಅದನ್ನು ಕಡಿದು ಇಟ್ಟಿಗೆಯಂತೆ ಒತ್ತಿ ಬಾಯ್ಲರಿಗೆ ಹಾಕಿದರೆ ಕಲ್ಲಿದ್ದಲು ಉಳಿಯುತ್ತದೆ, ಹುಲ್ಲಿಗೂ ಬಿಸಿಲು ಬೀಳುತ್ತದೆ. ಜೈವಿಕ ಇಂಧನದ ಪರವಾಗಿ ಇದಕ್ಕಿಂತ ಗಟ್ಟಿ ವಾದ ನನಗೆ ಕಂಡಿಲ್ಲ.

ತೊಡಕು ಮೊದಲ ಕಟಾವಿನ ನಂತರದ್ದು. ಬೇರು ಉಳಿದರೆ ಲಂಟಾನ ಮತ್ತೆ ಚಿಗುರುತ್ತದೆ. ಹಕ್ಕಿಗಳು ಬೀಜ ತಂದು ಉದುರಿಸುತ್ತಲೇ ಇರುತ್ತವೆ. ವರ್ಷ ವರ್ಷವೂ ಸಸಿ ಕೀಳಬೇಕು, ಹುಲ್ಲು ಹಿಡಿಯುವವರೆಗೆ ಕಾಯಬೇಕು. ಆ ಎಳೆ ಸಸಿಗಳನ್ನು ಯಾವ ಬಾಯ್ಲರೂ ಕೊಳ್ಳುವುದಿಲ್ಲ. ಬಂಡವಾಳ ಹಾಕಿ ಯಂತ್ರ ತಂದವನಿಗಂತೂ ಅದೇ ಇಳಿಜಾರಲ್ಲಿ ಪೊದೆ ಮತ್ತೆ ದಟ್ಟವಾದರೆ ಅನುಕೂಲವೇ. ಅಲ್ಲಿಗೆ ಕಳೆ ಬೆಳೆಯಾಯಿತು. ಸರಕು ಸಾಲದೆ ಬಂದರೆ ಕೊಡಲಿ ಪಕ್ಕದ ದಿಂಡಲ ಮರದತ್ತ ತಿರುಗುವುದಿಲ್ಲವೆಂದು ಹೇಳುವವರಾರು?

ಆದ್ದರಿಂದ ಸಿಕ್ಕುವ ಇಂಧನದ ಟನ್ನು ಎಣಿಸುವ ಬದಲು ಲಂಟಾನ ಕಡಿಯಲು ಕಾರ್ಖಾನೆಯೊಡನೆ ಮಾಡಿಕೊಳ್ಳುವ ಕರಾರಿನ ಅವಧಿ ನೋಡಬೇಕು. ಮಾರಿದ ಹಣದ ಒಂದು ಪಾಲು ಮುಂದಿನ ವರ್ಷಗಳ ಸಸಿ ಕೀಳುವ ಕೂಲಿಗೆ ಮೀಸಲಾಗಬೇಕು, ಆ ಕೆಲಸ ಅಲ್ಲಿನ ಬುಡಕಟ್ಟಿನವರಾದ ಸೋಲಿಗರಿಗೂ ಊರಾಳಿಗಳಿಗೂ ಸಿಗಬೇಕು. ಸರಕು ವರ್ಷದಿಂದ ವರ್ಷಕ್ಕೆ ಇಳಿದು ಕೊನೆಗೆ ನಿಲ್ಲುತ್ತದೆ ಎಂಬ ಷರತ್ತಿಗೆ ಒಪ್ಪದ ಕಾರ್ಖಾನೆ ಮುಸುಕಿನ ಜೋಳದ ಬೆಂಡನ್ನೋ ತೆಂಗಿನ ಚಿಪ್ಪನ್ನೋ ರೈತರಿಂದ ಕೊಂಡು ಸುಡಲಿ.