ಯಾರ ಆಯುಷ್ಯದ ಗ್ಯಾರಂಟಿ?

ತಿಕೋಟಾ, ಬಬಲೇಶ್ವರ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ವಿಜಯಪುರಕ್ಕೆ ಬರುವವರಿಗೆ ಈ ನೋಟ ಹೊಸದೇನಲ್ಲ. ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ರಸ್ತೆಯ ಅಂಚು ಹಿಡಿದು ಹುಡುಗ ಹುಡುಗಿಯರು ತಲೆ ಬಗ್ಗಿಸಿ, ಸಾಲಾಗಿ ಸೈಕಲ್ ತುಳಿಯುತ್ತ ಹೋಗುತ್ತಿರುತ್ತಾರೆ. "ನೋಡ್ರಿ, ನಮ್ಮ ಹುಡುಗ್ರು" ಎಂದು ಬಸ್ಸಿನೊಳಗಿನವರು ಕಿಟಕಿಗೆ ಮುಖ ಇಡುತ್ತಾರೆ. ವಿಜಯಪುರ, ಬಾಗಲಕೋಟೆ ಸೀಮೆ ದೇಶಕ್ಕೆ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಹೆಮ್ಮೆ ಪಡಬೇಕಾದದ್ದೇ.

ಆದರೆ ಆ ಹುಡುಗರ ಕೆಳಗಿರುವ ಸೈಕಲ್ಲಿನ ರೇಟು ಎಷ್ಟು, ಅದು ಮುರಿದರೆ ಹೊಣೆ ಯಾರು ಎಂದು ಕೇಳುವವರು ಕಡಿಮೆ.

ಹಿಂದೆ ಹಾಲಿನ ಕ್ಯಾನು ಹೊತ್ತ ಹೀರೋ, ಅಟ್ಲಾಸ್ ಸೈಕಲ್ಲುಗಳನ್ನು ನೆನೆಸಿಕೊಳ್ಳಿ. ಉಕ್ಕಿನ ಫ್ರೇಮ್. ಗುಂಡಿಗೆ ಬಿದ್ದರೆ ಮೊದಲು ಬಾಗುತ್ತಿತ್ತು, ಬಾಗಿದ್ದು ಕಣ್ಣಿಗೆ ಕಾಣುತ್ತಿತ್ತು. ಓಣಿಯ ತುದಿಯ ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಒಯ್ದರೆ ಸಂಜೆಯೊಳಗೆ ಬೆಸೆದು ಕೊಡುತ್ತಿದ್ದರು. ತಂದೆಯ ಸೈಕಲ್ ಮಗನಿಗೆ, ಮಗನದು ಮೊಮ್ಮಗನಿಗೆ. ಯಾರೂ ಗ್ಯಾರಂಟಿ ಕಾರ್ಡು ಕೇಳಲಿಲ್ಲ.

ಈಗಿನ ರೇಸ್ ಸೈಕಲ್ ಕಾರ್ಬನ್ನಿನದು. ಇಂಗಾಲದ ಎಳೆಗಳನ್ನು ಅಂಟಿನಲ್ಲಿ ಪದರು ಪದರಾಗಿ ಕೂಡಿಸಿ ಮಾಡಿದ್ದು. ಒಳ್ಳೆಯ ಫ್ರೇಮ್ ಒಂದು ಕಿಲೋ ಸಹ ತೂಗುವುದಿಲ್ಲ. ತುಳಿಯುವ ಬಲವನ್ನು ತಡೆಯಲಿಕ್ಕೆ ಅದು ಉಕ್ಕಿಗೇನೂ ಕಡಿಮೆಯಿಲ್ಲ. ಅಂತರರಾಷ್ಟ್ರೀಯ ಐಎಸ್‌ಒ 4210 ಮಾನದಂಡದ ಪ್ರಕಾರ ಪೆಡಲಿನ ಹೊರೆಯನ್ನು ಒಂದು ಲಕ್ಷ ಸಲ ಹಾಕಿ ಫ್ರೇಮನ್ನು ಪರೀಕ್ಷಿಸುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ಕಲ್ಲಿನ ಪೆಟ್ಟು, ಅಡ್ಡ ಬಿದ್ದ ಪೆಟ್ಟು, ಅತಿಯಾಗಿ ಬಿಗಿದ ಬೋಲ್ಟು ಇದಕ್ಕೆ ಆಗಿಬರುವುದಿಲ್ಲ. ಕಾರ್ಬನ್ ಬಾಗಿ ಮುನ್ಸೂಚನೆ ಕೊಡುವುದಿಲ್ಲ. ಮೇಲೆ ಬಣ್ಣ ಸರಿಯಾಗಿದ್ದರೂ ಒಳಗೆ ಪದರು ಬಿಟ್ಟಿರಬಹುದು. ನಂತರ ಒಂದು ದಿನ, ಇಳಿಜಾರಿನಲ್ಲಿ, ಕಟ್ ಎಂದು ಬಿಡುತ್ತದೆ.

ಅಲ್ಯೂಮಿನಿಯಂ ಆದರೂ ಪೆಟ್ಟು ತಿಂದ ಮೇಲೆ ನಂಬುವ ಹಾಗಿಲ್ಲ. 2006ರ ಪ್ಯಾರಿಸ್-ರೂಬೆ ರೇಸಿನಲ್ಲಿ ಅಮೆರಿಕದ ಜಾರ್ಜ್ ಹಿಂಕಾಪಿಯ ಸೈಕಲ್ಲಿನ ಹ್ಯಾಂಡಲ್ ಹಿಡಿದಿದ್ದ ಅಲ್ಯೂಮಿನಿಯಂ ಕೊಳವೆ ಓಡುವಾಗಲೇ ಮುರಿದು ಆತ ನೆಲಕ್ಕುರುಳಿದ. ಹಿಂದೆಯೇ ಮೆಕ್ಯಾನಿಕ್‌ಗಳ ಕಾರು ಬರುತ್ತಿದ್ದ ಶ್ರೀಮಂತ ತಂಡದ ಪಾಡೇ ಹೀಗೆ. ಇನ್ನು ಸಿಂದಗಿ ರಸ್ತೆಯ ಗುಂಡಿಯಲ್ಲಿ ಒಂಟಿಯಾಗಿ ಓಡುವ ರೈತನ ಮಗನ ಗತಿಯೇನು?

ಇಂಥ ಸೈಕಲ್ಲಿಗೆ ಲಕ್ಷಗಟ್ಟಲೆ ಬೆಲೆ. 10 ಲಕ್ಷ ದಾಟಿದವೂ ಇವೆ. ಜೋಡೆತ್ತು ಮಾರಿ, ಸೊಸೈಟಿ ಸಾಲ ತೆಗೆದು ದುಡ್ಡು ಹೊಂದಿಸಿದ ಅಪ್ಪ ಅಂಗಡಿಯಲ್ಲಿ ನಿಂತಾಗ ಕೇಳುವ ಮಾತು ಒಂದೇ: "ಲೈಫ್‌ಟೈಮ್ ಗ್ಯಾರಂಟಿ ಐತಿ ಕಾಕಾ, ಚಿಂತಿ ಬಿಡ್ರಿ." ಫ್ರೇಮ್ ಬಿರುಕು ಬಿಟ್ಟ ಮೇಲೆ ಕೇಳುವ ಮಾತು ಬೇರೆ: "ನಮ್ಮ ಕೈಯಾಗ ಏನಿಲ್ರಿ, ಕಂಪನಿಯವ್ರು ಒಪ್ಪಬೇಕು."

ಲೈಫ್‌ಟೈಮ್ ಎಂದರೆ ಯಾರ ಆಯುಷ್ಯ? ಕಾಗದದ ಸಣ್ಣ ಅಕ್ಷರ ಓದಿದರೆ ತಿಳಿಯುತ್ತದೆ. ತೈವಾನಿನ ಜಯಂಟ್ ಕಂಪನಿಯಂತೆ ಆಜೀವ ಭರವಸೆ ಕೊಡುವವರು ಅದನ್ನು ಮೊದಲು ಕೊಂಡವನಿಗೆ ಕೊಡುತ್ತಾರೆ. ಜರ್ಮನಿಯ ಕ್ಯಾನ್ಯನ್ 6 ವರ್ಷ ಎಂದು ನೇರವಾಗಿ ಹೇಳುತ್ತದೆ. ಎಷ್ಟೇ ವರ್ಷ ಇರಲಿ, ಭರವಸೆ ಇರುವುದು ತಯಾರಿಕೆಯ ದೋಷಕ್ಕೆ ಮಾತ್ರ. ಬಿದ್ದು ಒಡೆದರೆ ಇಲ್ಲ, ತಪ್ಪು ಜೋಡಣೆಯಾದರೆ ಇಲ್ಲ, ಸವೆದರೆ ಇಲ್ಲ. ಪಂದ್ಯದಲ್ಲಿ ಓಡಿಸಿದರೆ ಇಲ್ಲ ಎನ್ನುವ ಕಂಪನಿಗಳೂ ಇವೆ! ರೇಸ್ ಸೈಕಲ್ ಎಂದು ಮಾರುವುದು, ರೇಸಿಗೆ ಒಯ್ದರೆ ಹೊಣೆಯಲ್ಲ ಎನ್ನುವುದು. ಇದು ಎತ್ತು ಮಾರಿ, ನೇಗಿಲಿಗೆ ಕಟ್ಟಬೇಡ ಎಂದಂತಾಯಿತು.

ಈ ಷರತ್ತುಗಳು ಅತಿ ಹೆಚ್ಚು ಹೊಡೆಯುವುದು ಬಡವರ ಮಕ್ಕಳನ್ನೇ. ಹೊಸದು ಕೊಳ್ಳಲಾಗದೆ ಸೀನಿಯರ್ ಹುಡುಗ ಬಿಟ್ಟ ಸೈಕಲ್ ಕೊಳ್ಳುವವರು ಅವರು. ಬಿಲ್ಲು ಇರುವುದು ಇನ್ನೊಬ್ಬರ ಹೆಸರಿನಲ್ಲಿ. ಬಿರುಕು ಬಂದರೆ ಬಣ್ಣದ ಗೀರು ಎಂದುಕೊಂಡು ಓಡಿಸುತ್ತಾರೆ, ಇಲ್ಲವೇ ಟೇಪು ಸುತ್ತುತ್ತಾರೆ. ಮುರಿಯುವುದು ಫ್ರೇಮ್ ಒಂದೇ ಅಲ್ಲ, ಹಲ್ಲು, ಭುಜ, ಒಂದು ವರ್ಷದ ಅಭ್ಯಾಸ.

ಕಂಪನಿಯವರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಲಾರಿಗೆ ಗುದ್ದಿ ತಂದು ಹೊಸ ಫ್ರೇಮ್ ಕೊಡಿ ಎಂದರೆ ಯಾರು ಕೊಟ್ಟಾರು? ಆದರೆ ದೋಷ ತಯಾರಿಕೆಯದೋ ಪೆಟ್ಟಿನದೋ ಎಂದು ತೀರ್ಮಾನಿಸುವವರು ಕಂಪನಿಯವರೇ ಆದಾಗ, ಫೋಟೋ ನೋಡಿ "ಇದು ಅಪಘಾತ" ಎಂದು ಒಂದೇ ಸಾಲಿನ ಉತ್ತರ ಬಂದಾಗ, ಹಳ್ಳಿಯವನು ಸುಮ್ಮನಾಗುತ್ತಾನೆ.

ಸುಮ್ಮನಾಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಸೈಕಲ್ ಬೆಂಗಳೂರಿನಲ್ಲಿ ಕೊಂಡಿದ್ದರೂ ದೂರನ್ನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ದೋಷ ಕಣ್ಣಿಗೆ ಕಾಣದಿದ್ದರೆ ಆಯೋಗ ಪ್ರಯೋಗಾಲಯಕ್ಕೆ ಕಳಿಸಬಹುದು. ಅಪ್ಪ ಕೊಂಡು ಮಗ ಓಡಿಸಿದರೂ ಅಡ್ಡಿಯಿಲ್ಲ, ಕೊಂಡವನ ಒಪ್ಪಿಗೆಯಿಂದ ಬಳಸುವವನೂ ಕಾನೂನಿನ ಕಣ್ಣಿಗೆ ಗ್ರಾಹಕನೇ. ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು, ಬಿಲ್ಲು ಕೈಯಲ್ಲಿರಬೇಕು. ಮೊದಲು ವಿಚಾರಿಸಲಿಕ್ಕೆ 1915 ನಂಬರಿನ ಸಹಾಯವಾಣಿ ಇದೆ.

ಅಂಗಡಿಕಾರರೂ ತಮ್ಮ ಪಾಲಿನದು ಮಾಡಲಿ. ಮಾರುವಾಗಲೇ ಫ್ರೇಮ್ ನಂಬರು ಬಿಲ್ಲಿನಲ್ಲಿ ಬರೆಯಲಿ, ಕಾರ್ಡಿಗೆ ಶಿಕ್ಕಾ ಹೊಡೆಯಲಿ, ಯಾವುದಕ್ಕೆ ಭರವಸೆ ಇಲ್ಲವೆಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಲಿ. ಬೋಲ್ಟನ್ನು ಕೈಯಂದಾಜಿನಲ್ಲಿ ಬಿಗಿಯುವ ಬದಲು ಅಳತೆಯ ಪಾನ ಇಟ್ಟುಕೊಳ್ಳಲಿ. ಸೀಟಿನ ಬೋಲ್ಟು ಅರ್ಧ ಸುತ್ತು ಹೆಚ್ಚಾದರೂ ಕಾರ್ಬನ್ ಸೀಳುತ್ತದೆ, ಆಮೇಲೆ ಅದೇ "ತಪ್ಪು ಜೋಡಣೆ" ಎಂಬ ನೆಪವಾಗುತ್ತದೆ.

ಕ್ರೀಡಾ ಇಲಾಖೆಗೆ ಒಂದು ಮಾತು. ಹಾಸ್ಟೆಲಿಗೆ ಸೈಕಲ್ ಕೊಳ್ಳುವಾಗ ಟೆಂಡರಿನಲ್ಲೇ ಷರತ್ತು ಹಾಕಲಿ: ಪಂದ್ಯದಲ್ಲಿ ಓಡಿಸಿದರೂ ಭರವಸೆ ಇರಬೇಕು, ಯಾವ ಹುಡುಗ ಓಡಿಸಿದರೂ ಇರಬೇಕು, ಬಿದ್ದ ಪ್ರತಿ ಫ್ರೇಮನ್ನು ಬಲ್ಲವರು ಪರೀಕ್ಷಿಸಬೇಕು. ಒಟ್ಟಿಗೆ ಕೊಳ್ಳುವವನ ಮಾತಿಗೆ ಕಂಪನಿ ಕಿವಿಗೊಡುತ್ತದೆ, ಒಬ್ಬ ರೈತನ ಮಾತಿಗೆ ಕೊಡುವುದಿಲ್ಲ.

ಪದಕ ಬಂದಾಗ ಹಾರ ಹಿಡಿದು ನಿಲ್ಲುವವರು ಬಹಳ. ಆ ಹುಡುಗರು ನಾಳೆ ಬೆಳಿಗ್ಗೆ ಹತ್ತುವ ಸೈಕಲ್ಲಿನ ಫ್ರೇಮ್ ಗಟ್ಟಿ ಇದೆಯೇ ಎಂದು ನೋಡುವವರು ಯಾರು? ಸಂಬಂಧಪಟ್ಟವರು ಉತ್ತರಿಸಲಿ.